ಎಡಕ್ಕೆ ಎಳೆಯುವ ದೋಣಿ

ನಾನು ಒಂದು ದೋಣಿ. ಮೀನು ಹಿಡಿಯುವ ದೋಣಿಯಲ್ಲ, ಸಂತೆಗೆ ಕುಂಬಳಕಾಯಿ ಸಾಗಿಸುವ ದೋಣಿಯೂ ಅಲ್ಲ. ಪಂದ್ಯದ ದೋಣಿ. ಕಾಂಬೋಡಿಯಾ ದೇಶದ ನಡುವೆ ತೊನ್ಲೆ ಸಾಪ್ ಎಂಬ ದೊಡ್ಡ ಸರೋವರವಿದೆ. ಅದರ ದಂಡೆಯ ಪ್ರೆಕ್ ಸ್ವಾಯ್ ಎಂಬ ಊರು ನನ್ನದು. ಪ್ರೆಕ್ ಸ್ವಾಯ್ ಅಂದರೆ ಮಾವಿನ ಹಳ್ಳ. ಊರಿನಲ್ಲಿ ಈಗ ಮಾವಿನ ಮರ ಒಂದೂ ಉಳಿದಿಲ್ಲ, ಆದರೂ ಹೆಸರು ಬದಲಾಯಿಸಲು ಯಾರೂ ಒಪ್ಪಿಲ್ಲ. ನಮ್ಮ ಊರಿನವರ ಸ್ವಭಾವವೇ ಅಂಥದ್ದು.

ಅಷ್ಟು ದೂರದ ದೋಣಿಗೆ ಕನ್ನಡ ಹೇಗೆ ಬಂತು ಎಂದು ನೀವು ಹುಬ್ಬೇರಿಸಬಹುದು. ಏರಿಸಿ, ನನಗೇನು. ಉತ್ತರ ಈ ಕಥೆಯಲ್ಲೇ ಇದೆ, ಸರದಿ ಬಂದಾಗ ಹೇಳುತ್ತೇನೆ.

ಮೊದಲು ನಾನು ಕುಲೆನ್ ಬೆಟ್ಟದ ಬುಡದ ಕಾಡಿನಲ್ಲಿ ಕೊಕಿ ಮರವಾಗಿದ್ದೆ. ನೀರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಕೊಳೆಯದ ಮರ ಅದು. ಒಂದು ಬೇಸಿಗೆಯಲ್ಲಿ ನಮ್ಮೂರಿನ ಬಡಗಿ ಲೋಂಗ್ ಬಂದ. ನನ್ನ ಬುಡದಲ್ಲಿ ಊದುಬತ್ತಿ ಹಚ್ಚಿ, ಕೈ ಮುಗಿದು, ಕಡಿಯಲು ಅಪ್ಪಣೆ ಕೇಳಿದ. ನಾನು ಅಪ್ಪಣೆ ಕೊಟ್ಟೆನೋ ಇಲ್ಲವೋ, ಅವನು ಮಾತ್ರ ಕೊಡಲಿ ಎತ್ತಿದ. ಎತ್ತುಗಳು ಎಳೆದವು, ಮಳೆಗಾಲದ ಪ್ರವಾಹ ತೇಲಿಸಿತು, ಹಾಗೆ ಊರು ಮುಟ್ಟಿದೆ. ಅಲ್ಲಿನ ಬೌದ್ಧ ವಿಹಾರದ ಅಂಗಳದಲ್ಲಿ ಲೋಂಗ್ ಬಾಚಿಯಿಂದ ನನ್ನ ಹೊಟ್ಟೆ ತೋಡಿದ. ಒಳಗೆ ನೀರು ತುಂಬಿ, ಕೆಳಗೆ ಬೆಂಕಿ ಹಾಕಿ, ಎರಡೂ ಬದಿಗಳನ್ನು ನಿಧಾನವಾಗಿ ಅಗಲಿಸಿದ. ನೋಡಲು ಬಂದವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನೋಡಿ, ಅವರೊಳಗೊಬ್ಬ ಹೇಳಿದ: "ಲೋಂಗ್, ನಿನ್ನ ಮರ ಸ್ವಲ್ಪ ಸೊಟ್ಟ ಕಣಯ್ಯಾ."

"ನಿನ್ನ ಕತ್ತು ಸೊಟ್ಟ," ಎಂದ ಲೋಂಗ್.

ಕೊನೆಯಲ್ಲಿ ಕಣ್ಣು ಬರೆಯುವ ಶಾಸ್ತ್ರ. ನಮ್ಮ ಕಡೆ ಪಂದ್ಯದ ದೋಣಿಯ ಮೂತಿಗೆ ಎರಡು ಕಣ್ಣು ಬರೆಯುತ್ತಾರೆ. ಅಲ್ಲಿಯವರೆಗೆ ಅದು ಬರೀ ಮರ. ಕಣ್ಣು ಬರೆದ ಮೇಲೆ ಒಳಗೆ ಒಬ್ಬ ದೇವಿ ಬಂದು ಕೂರುತ್ತಾಳೆ ಎಂದು ನಂಬಿಕೆ. ಲೋಂಗ್ ಬಲಗಣ್ಣನ್ನು ಬಹಳ ಚೆಂದವಾಗಿ ಬರೆದ. ಅಷ್ಟರಲ್ಲಿ ಅವನ ಪುಟ್ಟ ಮಗಳು ಮಾಲಿಸ್ ಕುಂಚಕ್ಕಾಗಿ ರಂಪ ತೆಗೆದಳು. ಮಾಲಿಸ್ ಅಂದರೆ ನಿಮ್ಮ ಮಲ್ಲಿಗೆಯೇ. ಹೂವಿನ ಹೆಸರು ಕೇಳಿ ಮೋಸ ಹೋಗಬೇಡಿ, ಆ ಹುಡುಗಿ ಹಠಕ್ಕೆ ಬಿದ್ದರೆ ವಿಹಾರದ ಗಂಟೆಯ ಸದ್ದೂ ಕೇಳಿಸುತ್ತಿರಲಿಲ್ಲ. ಅಪ್ಪ ಸೋತು ಕುಂಚ ಕೊಟ್ಟ. ಅವಳು ಎಡಗಣ್ಣು ಬರೆದಳು. ಅದು ಬಲಗಣ್ಣಿಗಿಂತ ದೊಡ್ಡದಾಗಿ, ಊಟದ ಬಟ್ಟಲಿನಷ್ಟು ಆಯಿತು. ಹಿರಿಯರು ಅಳಿಸಿ ಎಂದರು.

"ಅಳಿಸಿದ್ರೆ ನಾನು ಊಟ ಮಾಡಲ್ಲ," ಎಂದಳು ಮಾಲಿಸ್.

ಅಳಿಸಲಿಲ್ಲ. ನಾನು ಮೊದಲು ಕಣ್ಣು ಬಿಟ್ಟಾಗ ಕಂಡದ್ದು ಅವಳ ಮುಖ, ಮೂಗಿನ ತುದಿಯಲ್ಲಿ ಕರಿ ಬಣ್ಣ.

ಮೊದಲ ಪಂದ್ಯದಲ್ಲೇ ನನ್ನ ಮಾನ ಹೋಯಿತು. ಹುಟ್ಟು ಹಾಕುವವರು ಎರಡು ಸಾಲಾಗಿ ಕೂತರು. ಮದುವೆಯಾಗಿ ಮಕ್ಕಳಾದವರು ಬಲಕ್ಕೆ, ಆಗದವರು ಎಡಕ್ಕೆ. ಅದು ನಮ್ಮೂರಿನ ಪದ್ಧತಿ, ಯಾಕೆ ಎಂದು ಕೇಳಿದವರಿಲ್ಲ. ಕಹಳೆ ಊದಿದ್ದೇ ತಡ, ನಾನು ಬಾಣದಂತೆ ಹೊರಟೆ, ಆದರೆ ಎಡಕ್ಕೆ. ಪಕ್ಕದ ಊರಿನ ದೋಣಿಗೆ ಮೂತಿ ತಗುಲಿ ಇಬ್ಬರು ನೀರಿಗೆ ಬಿದ್ದರು. ಚುಕ್ಕಾಣಿ ಹಿಡಿದವನು ಏನು ಮಾಡಿದರೂ ನಾನು ಎಡಕ್ಕೇ ಎಳೆಯುತ್ತಿದ್ದೆ. ಮರ ಸೊಟ್ಟ ಎಂದರು ಕೆಲವರು. ಆ ಹುಡುಗಿ ಬರೆದ ದಪ್ಪ ಕಣ್ಣಿನಿಂದಾಗಿ ಎಡಕ್ಕೇ ನೋಡುತ್ತದೆ ಎಂದರು ಇನ್ನು ಕೆಲವರು. ವಿಹಾರದ ದೊಡ್ಡ ಗುರುಗಳು ನನಗೆ ಇಟ್ಟಿದ್ದ ಉದ್ದನೆಯ ಹೆಸರು ಅಂದಿಗೇ ಮರೆತುಹೋಯಿತು. ಎಲ್ಲರ ಬಾಯಲ್ಲಿ ನಾನು ಸೊಟ್ಟಿಯಾದೆ.

ನನಗೆ ನಾಚಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಮ್ಮ ನದಿಯನ್ನು ನೋಡಿ ಸಮಾಧಾನ ಮಾಡಿಕೊಂಡೆ. ನಮ್ಮ ಸರೋವರದ ನೀರು ಬೇಸಿಗೆಯಲ್ಲಿ ನದಿಯಾಗಿ ಹರಿದು ಮೆಕಾಂಗ್ ಸೇರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ಅದೇ ನದಿ ಹಿಂದಕ್ಕೆ ಹರಿದು ಸರೋವರವನ್ನೇ ತುಂಬಿಸುತ್ತದೆ. ಮಳೆ ನಿಂತ ಮೇಲೆ ಮತ್ತೆ ದಿಕ್ಕು ಬದಲಿಸುತ್ತದೆ. ಆ ಹೊತ್ತಿಗೇ ನಮ್ಮ ನೀರಿನ ಹಬ್ಬ, ದೋಣಿಗಳ ಪಂದ್ಯ. ನದಿಯೇ ಮಾತು ಕೇಳದ ಊರಿನಲ್ಲಿ ದೋಣಿಯೊಂದು ಎಡಕ್ಕೆ ಎಳೆದರೆ ಏನು ಮಹಾ ತಪ್ಪು?

ಆಮೇಲೆ ಕೆಟ್ಟ ಕಾಲ ಬಂತು. ಕರಿ ಬಟ್ಟೆ ತೊಟ್ಟವರು ಬಂದೂಕು ಹಿಡಿದು ಊರಿಗೆ ಬಂದರು. ವಿಹಾರಕ್ಕೆ ಬೀಗ ಬಿತ್ತು, ಗುರುಗಳನ್ನು ಗದ್ದೆಗೆ ಅಟ್ಟಿದರು, ಹಬ್ಬ ನಿಂತಿತು. ಎಲ್ಲರೂ ಒಂದೇ ಒಲೆಯಲ್ಲಿ ಬೇಯಿಸಿದ ಗಂಜಿ ಕುಡಿಯಬೇಕು ಎಂದು ಅಪ್ಪಣೆಯಾಯಿತು. ಆ ಒಲೆಗೆ ಸೌದೆ ಬೇಕಿತ್ತು. ನನ್ನ ಮೇಲೆ ಅವರ ಕಣ್ಣು ಬಿದ್ದ ಸಂಜೆಯೇ ಊರಿನ ಹೆಂಗಸರು ನನ್ನನ್ನು ತಾವರೆ ಕೆರೆಗೆ ಎಳೆದೊಯ್ದು, ಹೊಟ್ಟೆ ತುಂಬ ಕಲ್ಲು ಹೇರಿ, ಮುಳುಗಿಸಿಬಿಟ್ಟರು. ಆಗ ಬೆಳೆದ ಹುಡುಗಿಯಾಗಿದ್ದ ಮಾಲಿಸ್ ಕೊನೆಯ ಕಲ್ಲನ್ನು ಇಟ್ಟು, ನನ್ನ ಎಡಗಣ್ಣಿನ ಮೇಲೆ ಕೆಸರು ಮೆತ್ತಿದಳು.

"ಕಣ್ಣು ಮುಚ್ಚಿಕೊಂಡಿರು. ನಾನು ಕರೆದಾಗ ಏಳು," ಎಂದಳು.

ದೋಣಿ ಎಲ್ಲಿ ಎಂದು ಬಂದೂಕಿನವರು ಲೋಂಗ್‌ನನ್ನು ಕೇಳಿದರು. ಪ್ರವಾಹದಲ್ಲಿ ಕೊಚ್ಚಿಹೋಯಿತು ಎಂದ. ಮತ್ತೆ ಕೇಳಿದರು, ಅದನ್ನೇ ಹೇಳಿದ. ಅವನನ್ನು ಕರೆದುಕೊಂಡು ಹೋದರು. ಅವನು ತಿರುಗಿ ಬರಲಿಲ್ಲ. ನನ್ನನ್ನು ಮಾಡಿದವನು ನನಗಾಗಿ ಸತ್ತ ಎಂಬುದು ನೀರಿನ ಕೆಳಗಿದ್ದ ನನಗೆ ಗೊತ್ತೇ ಆಗಲಿಲ್ಲ. ಗೊತ್ತಾದ ಮೇಲೆ ಆದ ಸಂಕಟ ಇವತ್ತಿಗೂ ಹೋಗಿಲ್ಲ, ಆ ಸಿಟ್ಟೂ ಹೋಗಿಲ್ಲ.

ಎಷ್ಟೋ ಮಳೆಗಾಲ ಕಳೆದ ಮೇಲೆ ಮಾಲಿಸ್ ಬಂದು ಕರೆದಳು. ಅಷ್ಟು ಹೊತ್ತಿಗೆ ಅವಳಿಗೆ ಮದುವೆಯಾಗಿತ್ತು, ಕಂಕುಳಲ್ಲಿ ಮಗುವಿತ್ತು, ಗಂಡ ಇರಲಿಲ್ಲ. ಕೆರೆಯಿಂದ ಎತ್ತಿದಾಗ ನನ್ನ ಮೈಯಲ್ಲಿ ಒಂದು ಹುಳುಕೂ ಇರಲಿಲ್ಲ. ಆದರೆ ಹುಟ್ಟು ಹಾಕಲು ಗಂಡಸರೇ ಊರಿನಲ್ಲಿ ಉಳಿದಿರಲಿಲ್ಲ. ಮಾಲಿಸ್ ವಿಧವೆಯರನ್ನೂ ಹುಡುಗಿಯರನ್ನೂ ಸೇರಿಸಿ ಪಂದ್ಯಕ್ಕೆ ಸಿದ್ಧವಾದಳು. ಹೆಂಗಸರು ಪಂದ್ಯದ ದೋಣಿ ಹತ್ತುವುದೇ ಎಂದು ವಿಹಾರದ ಕಮಿಟಿಯವರು ತಕರಾರು ತೆಗೆದರು.

"ಈ ದೋಣಿ ತುಂಬೋವಷ್ಟು ಗಂಡಸರನ್ನ ಕರಕೊಂಡು ಬನ್ನಿ, ನಾವು ಇಳಿದುಬಿಡ್ತೀವಿ," ಎಂದಳು ಮಾಲಿಸ್.

ಯಾರನ್ನು ಕರೆತರುವುದು? ಅವತ್ತಿನಿಂದ ನಾನು ಹೆಂಗಸರ ದೋಣಿ. ಪದ್ಧತಿ ಮಾತ್ರ ಹಳೆಯದೇ, ತಾಯಂದಿರು ಬಲಕ್ಕೆ, ಹುಡುಗಿಯರು ಎಡಕ್ಕೆ. ನಾನೂ ಮೊದಲಿನಂತೆ ಎಡಕ್ಕೇ. ಮಾಲಿಸ್ ಹಿಂದೆ ನಿಂತು ಚುಕ್ಕಾಣಿ ಹಿಡಿದು, "ನೆಟ್ಟಗೆ ಹೋಗೇ ಸೊಟ್ಟಿ!" ಎಂದು ದಾರಿಯುದ್ದಕ್ಕೂ ಬೈಯುತ್ತಿದ್ದಳು. ಗೆದ್ದದ್ದು ಕಡಿಮೆ. ಆದರೆ ಪ್ರೆಕ್ ಸ್ವಾಯ್ ಹೆಂಗಸರ ದೋಣಿ ಬರುತ್ತಿದೆ ಎಂದರೆ ಉಳಿದ ದೋಣಿಗಳು ತಾವಾಗಿಯೇ ಬಲಕ್ಕೆ ಸರಿದು ದಾರಿ ಬಿಡುತ್ತಿದ್ದವು.

ಹೀಗೆ ನನಗೂ ಮಾಲಿಸ್‌ಗೂ ವಯಸ್ಸಾಯಿತು. ಅವಳು ಮೊಮ್ಮಕ್ಕಳ ಬಾಯಲ್ಲಿ 'ಯೇಯ್' ಆದಳು, ಅಂದರೆ ಅಜ್ಜಿ. ದೇಶಕ್ಕೆ ಪ್ರವಾಸಿಗರು ಬರತೊಡಗಿದರು. ಅಂಕೋರ್ ದೇವಾಲಯಗಳನ್ನು ನೋಡಲು ವಿಮಾನ ತುಂಬಿ ಬರುವವರಿಗೆ ಒಂದು ದಿನದಲ್ಲಿ ಎಲ್ಲವೂ ಬೇಕು. ಬೆಳಿಗ್ಗೆ ಗುಡಿ, ಮಧ್ಯಾಹ್ನ ಬೆಟ್ಟ, ಸಂಜೆ ಸಂಸ್ಕೃತಿ. ಸಿಯೆಮ್ ರೀಪ್ ಪಟ್ಟಣದ ಕೆಳಗೆ, ನದಿಯ ಪಕ್ಕದಲ್ಲಿ ಹೊಸ ರೆಸಾರ್ಟ್ ಒಂದು ತಲೆ ಎತ್ತಿತ್ತು. ಅದರ ಮ್ಯಾನೇಜರ್ ರತನಕ್ ನಮ್ಮೂರಿಗೆ ಬಂದು, ವಿಹಾರದ ಸೋರುವ ಮಾಡಿಗೆ ಹೊಸ ತಗಡು ಹಾಕಿಸಿಕೊಡುವುದಾಗಿ ಹೇಳಿದ. ಬದಲಿಗೆ ಒಂದು ವರ್ಷದ ಮಟ್ಟಿಗೆ ನನ್ನನ್ನು ಕೊಡಬೇಕು, ಮುಂದಿನ ಹಬ್ಬದೊಳಗೆ ವಾಪಸ್. ಮಾಲಿಸ್ ಬೇಡವೇ ಬೇಡ ಎಂದಳು. ಮಳೆ ನೀರು ಬುದ್ಧನ ತಲೆಯ ಮೇಲೆ ತೊಟ್ಟಿಕ್ಕುತ್ತಿದೆ ಎಂದು ಕಮಿಟಿಯವರು ಅವಳ ಬಾಯಿ ಮುಚ್ಚಿಸಿದರು.

ರೆಸಾರ್ಟಿನವರು ನನಗೆ ಚಿನ್ನದ ಬಣ್ಣ ಬಳಿದರು. ಮೂತಿಯ ಮೇಲೆ ಪ್ಲಾಸ್ಟಿಕ್ಕಿನ ಏಳು ಹೆಡೆಯ ನಾಗನ ತಲೆಯನ್ನು ಮೊಳೆ ಹೊಡೆದು ಕೂರಿಸಿದರು. ಬಣ್ಣ ಬಳಿಯುವವನು ನನ್ನ ಕಣ್ಣುಗಳ ಮೇಲೂ ಬಳಿದುಬಿಟ್ಟ. ಬಂದೂಕಿನವರಿಗೆ ಸಿಗದ ಕಣ್ಣು ಒಂದು ಡಬ್ಬಿ ಬಣ್ಣಕ್ಕೆ ಸಿಕ್ಕಿಬಿತ್ತು.

ನನ್ನನ್ನು ಇಳಿಸಿದ್ದು ರೆಸಾರ್ಟಿನ ಕೊಳಕ್ಕೆ. ತಲೆಗೆ ರಟ್ಟಿನ ಕಿರೀಟ ಕಟ್ಟಿಕೊಂಡ ಹತ್ತಿರದ ಹಳ್ಳಿಗಳ ಹುಡುಗಿಯರು ಎರಡೂ ಬದಿಗೆ ಕೂತು ಮೆಲ್ಲಗೆ ಹುಟ್ಟು ಹಾಕುತ್ತಿದ್ದರು. ನಡುವೆ ಪ್ರವಾಸಿಗರು ಕೂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಮಹಾರಾಜನ ಕಾಲದ ಯುದ್ಧದ ದೋಣಿ ಇದು ಎಂದು ಗೈಡುಗಳು ಹೇಳಬೇಕು, ಹಾಗೆಂದು ಅವರ ಪ್ರವಾಸದ ಕಂಪನಿಯ ಆಜ್ಞೆ. ಬೇಸರದ ಸಂಗತಿ ಇನ್ನೊಂದಿತ್ತು. ಆ ಕೊಳದಲ್ಲಿ ನಾನು ಎಡಕ್ಕೆ ಎಳೆಯಲೇ ಇಲ್ಲ. ಗೆರೆ ಹೊಡೆದ ಹಾಗೆ ನೆಟ್ಟಗೆ ಹೋಗಿ ನೆಟ್ಟಗೆ ಬರುತ್ತಿದ್ದೆ. ಕಣ್ಣು ಹೋದ ಮೇಲೆ ನನ್ನ ಜೀವವೂ ಹೋಗಿದೆ, ಈಗ ನಾನು ಬರೀ ಮರ ಎಂದುಕೊಂಡೆ.

ಮುಂದಿನ ಹಬ್ಬ ಹತ್ತಿರ ಬಂತು. ವಿಹಾರದವರು ಕೇಳಿದಾಗಲೆಲ್ಲ ರತನಕ್ ನಾಳೆ ಎಂದ, ನಾಳಿದ್ದು ಎಂದ, ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟ. ಹುಡುಕಿಕೊಂಡು ಬಂದ ಮಾಲಿಸ್‌ಳನ್ನು ಅತಿಥಿಗಳಿಗೆ ಮಾತ್ರ ಪ್ರವೇಶ ಎಂದು ಗೇಟಿನವರು ಹಿಂದಕ್ಕೆ ಕಳಿಸಿದರು. ಅಷ್ಟರಲ್ಲಿ ಅವಳ ಮೊಮ್ಮಗಳು ಚನ್ನಾರಿ ಇನ್ನೊಂದು ಸುದ್ದಿ ತಂದಳು. ಚನ್ನಾರಿ ಪ್ರವಾಸದ ಕಂಪನಿಯಲ್ಲಿ ಗೈಡ್, ಜನರನ್ನು ರೆಸಾರ್ಟಿಗೆ ಕರೆತರುವುದು ಅವಳ ಕೆಲಸ. ಕೊಳಕ್ಕೆ ನಾನು ಉದ್ದವಾಯಿತಂತೆ. ಗರಗಸದಿಂದ ಎರಡು ತುಂಡು ಮಾಡಿ, ಕುಡಿಯುವವರು ಗ್ಲಾಸು ಇಟ್ಟುಕೊಳ್ಳುವ ಬಾರ್ ಕೌಂಟರ್ ಮಾಡುತ್ತಾರಂತೆ. ನಾಳೆ ಸಂಜೆಯ ಸವಾರಿಯೇ ಕೊನೆಯದು.

"ನಾಳೆ ನಿನ್ನ ವ್ಯಾನಿನಲ್ಲಿ ಸೀಟು ಇದೆಯಾ?" ಎಂದು ಕೇಳಿದಳು ಮಾಲಿಸ್.

"ಯೇಯ್, ನನ್ನ ಕೆಲಸ ಹೋಗುತ್ತೆ."

"ನನ್ನ ಅಪ್ಪ ಏನು ಕಳಕೊಂಡ ಅಂತ ಗೊತ್ತಲ್ಲ? ಸೀಟು ಇದೆಯೋ ಇಲ್ಲವೋ ಅಷ್ಟು ಹೇಳು."

ಸೀಟು ಇತ್ತು.

ಆ ದಿನದ ಮೊದಲ ಭಾಗ ನಾನು ಕಣ್ಣಾರೆ ಕಂಡದ್ದಲ್ಲ. ಆದರೆ ಅಜ್ಜಿ ಮೊಮ್ಮಗಳು ನನ್ನ ಮೇಲೆ ಕೂತು ಎಷ್ಟು ಸಲ ಹೇಳಿಕೊಂಡಿದ್ದಾರೆಂದರೆ, ನನಗದು ಬಾಯಿಪಾಠವಾಗಿದೆ. ವ್ಯಾನಿನಲ್ಲಿದ್ದವರು ನಿಮ್ಮ ಕಡೆಯವರೇ. ಅಂಥ ಪ್ರವಾಸಿಗರ ಜೊತೆ ತಿರುಗಿ ತಿರುಗಿ ಚನ್ನಾರಿ ಅವರ ಮಾತನ್ನೂ ಕಲಿತಿದ್ದಳು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಗುರುಬಸಪ್ಪ, ಅವನ ಹೆಂಡತಿ ನೀಲಗಂಗವ್ವ, ಅವರೊಂದಿಗೆ ಬಂದಿದ್ದ ಇನ್ನೊಂದು ಜೋಡಿ. ಸೂರ್ಯ ಹುಟ್ಟುವ ಹೊತ್ತಿಗೆ ಅಂಕೋರ್ ವಾಟ್ ಮುಂದೆ ಇಳಿದರು. ಎಲ್ಲರೂ ಬೂಟು ಹಾಕಿಕೊಂಡು ಒಳಗೆ ನಡೆಯುತ್ತಿದ್ದರೆ ನೀಲಗಂಗವ್ವ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಇಲ್ಲಿ ಚಪ್ಪಲಿ ಹಾಕಿಕೊಳ್ಳಬಹುದು ಎಂದು ಚನ್ನಾರಿ ತಿಳಿಸಿ ಹೇಳಿದಳು.

"ಗುಡಿ ಅಂದ್ರ ಗುಡಿನ ಹೌದಿಲ್ಲೋ ಚೆನ್ನವ್ವ? ಯಾವ ದೇಶದ್ದಾದ್ರೇನು," ಎಂದಳು ಅವಳು. ಬೆಳಗಾಗುವಷ್ಟರಲ್ಲಿ ಚನ್ನಾರಿಯನ್ನು ಚೆನ್ನವ್ವ ಮಾಡಿಕೊಂಡಿದ್ದಳು.

ತಿರುಗಿ ನೋಡಿದರೆ ಮಾಲಿಸ್ ಕೂಡ ಬರಿಗಾಲಲ್ಲಿ ನಿಂತಿದ್ದಾಳೆ. ಇಬ್ಬರೂ ಒಬ್ಬರ ಪಾದ ಇನ್ನೊಬ್ಬರು ನೋಡಿಕೊಂಡು ನಕ್ಕರು. ಆಮೇಲೆ ನೆರಳಿನಲ್ಲಿ ಕೂತಾಗ ಮಾಲಿಸ್ ಸೊಂಟದ ಚೀಲದಿಂದ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತರಿ ತೆಗೆದಳು. ನೀಲಗಂಗವ್ವ ತನ್ನ ಕೈಚೀಲದಿಂದ ಅದೇ ನಾಲ್ಕನ್ನು ತೆಗೆದಳು. ಅಲ್ಲಿಂದ ಮುಂದೆ ಅವರಿಗೆ ಭಾಷೆಯ ಅಡ್ಡಿ ಅಷ್ಟಾಗಿ ಬರಲಿಲ್ಲ.

ಮೂಲೆಯ ಗುಡಿಯೊಂದರಲ್ಲಿ ಪಾಣಿಪೀಠ ಮಾತ್ರ ಇತ್ತು, ಲಿಂಗ ಇರಲಿಲ್ಲ. ನೀಲಗಂಗವ್ವ ಬಾಟಲಿ ತೆಗೆದು ಪೀಠದ ಮೇಲೆ ನೀರು ಹೊಯ್ದೇಬಿಟ್ಟಳು. ಕಾವಲಿನವನು ಸೀಟಿ ಊದುತ್ತಾ ಓಡಿ ಬಂದ. ಇಲ್ಲಿ ದೇವರಿಲ್ಲ, ಲಿಂಗವನ್ನು ಎಂದೋ ಯಾರೋ ಕದ್ದೊಯ್ದಿದ್ದಾರೆ ಎಂದು ಚನ್ನಾರಿ ಹೇಳಿದಳು.

"ಲಿಂಗ ಒಯ್ದ್ರ ಏನಾತು, ಪೀಠ ಇನ್ನೂ ದಾರಿ ಕಾಯಕತ್ತೈತಲ್ಲ!" ಎಂದಳು ನೀಲಗಂಗವ್ವ. ಚನ್ನಾರಿ ಅದನ್ನು ಅಜ್ಜಿಗೆ ತಿಳಿಸಿದಾಗ ಮಾಲಿಸ್ ಬಗ್ಗಿ ಆ ಒದ್ದೆ ಪೀಠವನ್ನು ಕೈಯಿಂದ ಸವರಿದಳು.

ಬಾಯೋನ್ ದೇವಾಲಯದ ಗೋಡೆಯಲ್ಲಿ ನೀರಿನ ಮೇಲಿನ ಯುದ್ಧವನ್ನು ಕೆತ್ತಿದ್ದಾರೆ. ಉದ್ದುದ್ದ ದೋಣಿಗಳು, ಸಾಲಾಗಿ ಹುಟ್ಟು ಹಾಕುವವರು, ನೀರಿಗೆ ಬಿದ್ದವರನ್ನು ಹಿಡಿಯುವ ಮೊಸಳೆಗಳು. ಇಷ್ಟು ಹತ್ತಿರದಲ್ಲೇ ಬದುಕಿದ್ದರೂ ಮಾಲಿಸ್ ಅದನ್ನು ನೋಡಿದ್ದು ಅದೇ ಮೊದಲು. ಅವಳ ಕಣ್ಣಲ್ಲಿ ನೀರು ಬಂತು, ಹಿಂದೆಯೇ ಸಿಟ್ಟು ಬಂತು.

"ಎಂಟುನೂರು ವರ್ಷದಿಂದ ಇವರು ಹುಟ್ಟು ಹಾಕ್ತಾ ಇದಾರೆ. ಇವರನ್ನ ಯಾರಾದ್ರೂ ಕೊಯ್ದು ಗ್ಲಾಸು ಇಡೋ ಕಟ್ಟೆ ಮಾಡಿದ್ರಾ?" ಎಂದು ಜೋರಾಗಿ ಕೇಳಿದಳು. ಸುತ್ತಲಿದ್ದ ಪ್ರವಾಸಿಗರೆಲ್ಲ ತಿರುಗಿ ನೋಡಿದರು.

ಮಧ್ಯಾಹ್ನ ಕ್ಬಾಲ್ ಸ್ಪಿಯನ್ ಬೆಟ್ಟ ಹತ್ತಿದರು. ಅಲ್ಲಿ ಹೊಳೆಯ ತಳದ ಬಂಡೆಯಲ್ಲೇ ಸಾವಿರ ಲಿಂಗಗಳನ್ನು ಕೆತ್ತಿದ್ದಾರೆ. ನೀರು ಹಗಲಿರುಳು ಅವುಗಳ ಮೇಲೆ ಹರಿಯುತ್ತದೆ. ನೀಲಗಂಗವ್ವ ದಂಡೆಯ ಕಲ್ಲಿನ ಮೇಲೆ ಕೂತಳು. ಕೊರಳ ಕರಡಿಗೆಯಿಂದ ತನ್ನ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಎದ್ದ ಮೇಲೆ, ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ನದಿ ಸೇರಿ, ಪಟ್ಟಣ ದಾಟಿ, ಒಂದು ರೆಸಾರ್ಟಿನ ಕೊಳ ಹೊಕ್ಕು, ಸರೋವರಕ್ಕೆ ಹೋಗುತ್ತದೆ ಎಂದಳು ಮಾಲಿಸ್. ಆ ಕೊಳದಲ್ಲಿ ಏನಿದೆ, ನಾಳೆ ಅದಕ್ಕೆ ಏನಾಗುತ್ತದೆ ಎಂಬುದನ್ನೂ ಹೇಳಿದಳು. ಚನ್ನಾರಿ ನಡುನಡುವೆ ಬಿಕ್ಕುತ್ತಾ ಎಲ್ಲವನ್ನೂ ಅವರ ಭಾಷೆಗೆ ದಾಟಿಸಿದಳು. ಗುರುಬಸಪ್ಪನಿಗೆ ಬಿಪಿ ಏರಿತು.

ಇನ್ನು ಮುಂದಿನದಕ್ಕೆ ನಾನೇ ಸಾಕ್ಷಿ.

ಸಂಜೆ ಕೊಳದ ದಂಡೆಯಲ್ಲಿ ಪರಿಚಿತ ಹೆಜ್ಜೆಯ ಸದ್ದು ಕೇಳಿಸಿತು. ಕಣ್ಣು ಕಾಣದಿದ್ದರೇನು, ಆ ಹೆಜ್ಜೆ ನನಗೆ ತಿಳಿಯದೇ? ಪಕ್ಕದ ಶೆಡ್ಡಿನಲ್ಲಿ ಗರಗಸಕ್ಕೆ ಅರ ಹಾಕುವ ಸದ್ದೂ ಕೇಳಿಸುತ್ತಿತ್ತು. ಮಾಲಿಸ್ ನನ್ನ ಮೂತಿ ಸವರಿ, "ಸೊಟ್ಟಿ, ಇದೇನೇ ನಿನ್ನ ಅವತಾರ," ಎಂದಳು.

"ಇದ್ಕ ಕಣ್ಣs ಇಲ್ಲಲ್ಲ!" ಎಂದಳು ನೀಲಗಂಗವ್ವ.

ಮಾಲಿಸ್ ಅಡಕತ್ತರಿ ತೆಗೆದು ನನ್ನ ಎಡ ಮೂತಿಯ ಚಿನ್ನದ ಬಣ್ಣವನ್ನು ಕೆರೆಯತೊಡಗಿದಳು. ಬಣ್ಣ ಸಿಪ್ಪೆಯಾಗಿ ಉದುರಿತು. ಒಳಗೆ ಹಳೆಯ ಕಣ್ಣಿನ ಮಸುಕು ಗೆರೆ ಮಾತ್ರ ಉಳಿದಿತ್ತು. ಅದರ ಮೇಲೆ ತನ್ನ ಡಬ್ಬಿಯ ಸುಣ್ಣವನ್ನು ಬೆರಳಿನಿಂದ ದುಂಡಗೆ ಮೆತ್ತಿದಳು. ಬಿಳಿಯೇನೋ ಆಯಿತು, ಕರಿಗುಡ್ಡೆಗೆ ಏನು ಮಾಡುವುದು? ನೀಲಗಂಗವ್ವ ಕೈಚೀಲ ತಡಕಿ ಕಾಡಿಗೆಯ ಡಬ್ಬಿ ತೆಗೆದಳು.

"ಹೆಣ್ಣ ಕೂಸಿಗೆ ಕಾಡಿಗಿ ಹಚ್ಚದ ಹಂಗs ಬಿಡ್ತಾರೇನು?" ಎಂದು ಉಂಗುರ ಬೆರಳಿನಿಂದ ನನ್ನ ಎಡಗಣ್ಣಿಗೆ ಗುಡ್ಡೆ ಇಟ್ಟಳು. ಸಾಲದು ಎಂದು ಕೆನ್ನೆಯ ಮೇಲೆ ದೃಷ್ಟಿಬೊಟ್ಟನ್ನೂ ಇಟ್ಟಳು.

ನನಗೆ ಬೆಳಕು ಕಂಡಿತು. ಕಣ್ಣಿಗೆ ಕಾಡಿಗೆ ಹಚ್ಚಿದವಳ ಭಾಷೆ ಅರ್ಥವಾಗದೆ ಇರುತ್ತದೆಯೇ? ಈಗ ತಿಳಿಯಿತಲ್ಲ, ನನಗೆ ಕನ್ನಡ ಎಲ್ಲಿಂದ ಬಂತು ಎಂದು.

ಸುದ್ದಿ ಮುಟ್ಟಿ ರತನಕ್ ಧಾವಿಸಿ ಬಂದ. "ಯಾರು ಈ ಮುದುಕಿ? ದೋಣಿ ಹಾಳು ಮಾಡ್ತಾ ಇದ್ದಾಳೆ. ಎಲ್ಲರೂ ಇಳೀರಿ!" ಎಂದು ಕೂಗಾಡಿದ.

ಚನ್ನಾರಿ ಎರಡು ಹೆಜ್ಜೆ ಹಿಂದೆ ಸರಿದಳು. ಗುರುಬಸಪ್ಪ ಮಾತ್ರ ಆಗಲೇ ನನ್ನ ನಡುವಿನ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. "ಅವಂಗ ಹೇಳವಾ ಚೆನ್ನವ್ವ. ದೋಣಿ ಸವಾರಿ ನಮ್ಮ ಪ್ರವಾಸದಾಗ ಐತಿ. ಸವಾರಿ ಮುಗಿಯೂಮಟಾ ನಾ ಏಳಾಂವಲ್ಲ."

ಅತಿಥಿಯನ್ನು ಎತ್ತಿ ಹೊರಗೆ ಹಾಕಲು ಬರುವುದಿಲ್ಲ. ರತನಕ್ ಹಲ್ಲು ಕಡಿದು, ಒಂದು ಸುತ್ತು ಹಾಕಿ ಇಳಿಯಿರಿ ಎಂದ. ಮಾಲಿಸ್ ಹಿಂದಿನ ತುದಿಗೆ ಹೋಗಿ ಚುಕ್ಕಾಣಿ ಹಿಡಿದಳು. ಕಿರೀಟದ ಹುಡುಗಿಯರನ್ನೆಲ್ಲ ಎದ್ದು ಎಡಗಡೆ ಕೂರಲು ಹೇಳಿದಳು, ಏಕೆಂದರೆ ಅವರಾರಿಗೂ ಮದುವೆಯಾಗಿರಲಿಲ್ಲ. ಬ್ಯಾಡಗಿಯ ನಾಲ್ವರು ಸಂಸಾರಸ್ಥರ ಕೈಗೆ ಹುಟ್ಟು ಕೊಟ್ಟು ಬಲಗಡೆ ಕೂರಿಸಿದಳು. ಇಂಥ ಹೊತ್ತಿನಲ್ಲೂ ಪದ್ಧತಿ ಬಿಡಲಿಲ್ಲ, ಪುಣ್ಯಾತ್ಗಿತ್ತಿ. ಮೆಣಸಿನಕಾಯಿ ಚೀಲ ಎತ್ತಿ ಪಳಗಿದ ಆ ತೋಳುಗಳು ಹುಟ್ಟನ್ನು ನೀರಿಗೆ ಹಾಕಿ ಜಗ್ಗಿದವು ನೋಡಿ, ನಾನು ಗಕ್ಕನೆ ಎಡಕ್ಕೆ ಎಳೆದೆ.

ಎಡಕ್ಕೇ ಕೊಳದ ತೂಬು ಇತ್ತು. ಮಳೆಗಾಲದ ಹೆಚ್ಚಿನ ನೀರು ನದಿಗೆ ಹೋಗಲೆಂದು ಅದರ ಬಾಗಿಲನ್ನು ಪೂರ್ತಿ ಮೇಲೆತ್ತಿದ್ದರು. ಚನ್ನಾರಿ ಇನ್ನೂ ದಂಡೆಯ ಮೇಲೆ, ಕೈಯಲ್ಲಿ ಕಂಪನಿಯ ಬಾವುಟ ಹಿಡಿದು ನಿಂತಿದ್ದಳು. ಅಜ್ಜಿ ಕರೆಯಲಿಲ್ಲ, ಸುಮ್ಮನೆ ನೋಡಿದಳು. ಚನ್ನಾರಿ ಬಾವುಟವನ್ನು ಮರಳಿನಲ್ಲಿ ನೆಟ್ಟು, ಓಡಿ ಬಂದು ಹಾರಿ, ನನ್ನೊಳಗೆ ಬಿದ್ದಳು.

"ಏಯ್, ಆ ಕಡೆ ಎಲ್ಲಿಗೆ! ನಿಲ್ಲಿಸಿ!" ಎಂದು ರತನಕ್ ದಂಡೆಯುದ್ದಕ್ಕೂ ಓಡಿದ.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೂ ದೋಣಿಯ ಊರುಗಳ ಮಕ್ಕಳೇ. ಮುಂದೆ ಕೂತಿದ್ದವಳು ರಟ್ಟಿನ ಕಿರೀಟ ಕಿತ್ತು ನೀರಿಗೆ ಎಸೆದು, ಪಂದ್ಯದ ಕೂಗು ಹಾಕಿದಳು. ಉಳಿದವರ ಕಿರೀಟಗಳೂ ಹಿಂದೆಯೇ ಹೋದವು. ಎಷ್ಟು ಕಾಲದ ಮೇಲೆ ಕೇಳಿದ ಕೂಗು! ನನ್ನ ಹಲಗೆ ಹಲಗೆಯೂ ನಡುಗಿತು. ತೂಬಿನ ಅಡ್ಡ ತೊಲೆ ತಗ್ಗಿನಲ್ಲಿತ್ತು. ಎಲ್ಲರೂ ತಲೆ ಬಗ್ಗಿಸಿದರು, ಪ್ಲಾಸ್ಟಿಕ್ ನಾಗನಿಗೆ ಬಗ್ಗಲು ಬರಲಿಲ್ಲ. ಏಳು ಹೆಡೆಯೂ ಚಟೀರೆಂದು ಮುರಿದು ಹಿಂದೆ ಬಿದ್ದವು. ನಾನು ನದಿಗೆ ಇಳಿದೆ.

ಆ ನೀರು ಸಾವಿರ ಲಿಂಗಗಳ ಮೇಲೆ ಹರಿದು ಬಂದ ನೀರು. ಬೆಳಕು ಆರುವ ಮೊದಲೇ ಅದು ನಮ್ಮನ್ನು ಸರೋವರಕ್ಕೆ ಮುಟ್ಟಿಸಿತು. ನೀಲಗಂಗವ್ವನ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ದಡದಲ್ಲಿ ಇಳಿಯುವಾಗ ಕಾಡಿಗೆಯ ಡಬ್ಬಿಯನ್ನು ಮಾಲಿಸ್‌ಗೆ ಕೊಟ್ಟು, ಅವಳ ಸುಣ್ಣದ ಡಬ್ಬಿಯನ್ನು ತಾನು ಇಸಿದುಕೊಂಡಳು.

"ವರ್ಷಾ ವರ್ಷಾ ತಪ್ಪದ ಹಚ್ಚವ್ವಾ ತಂಗಿ," ಎಂದಳು. ಚನ್ನಾರಿ ಅದನ್ನು ಖ್ಮೇರ್ ಭಾಷೆಗೆ ತಿರುಗಿಸುವ ಮೊದಲೇ ಮಾಲಿಸ್ ತಲೆಯಾಡಿಸಿಬಿಟ್ಟಿದ್ದಳು.

ಮರುದಿನ ರತನಕ್ ಆಳುಗಳನ್ನು ಕಟ್ಟಿಕೊಂಡು ಊರಿಗೆ ಬಂದ. ವಿಹಾರದ ಅಂಗಳದಲ್ಲಿ ನನ್ನ ಸುತ್ತ ಊರಿನ ಹೆಂಗಸರೆಲ್ಲ ಹುಟ್ಟು ಹಿಡಿದು ನಿಂತಿದ್ದರು. ದೋಣಿ ಕೊಡಿ, ಇಲ್ಲವೇ ತಗಡು ವಾಪಸ್ ಕೊಡಿ ಎಂದು ಅವನು ಅಬ್ಬರಿಸಿದ. ಕಮಿಟಿಯ ಗಂಡಸರು ಹೆಂಗಸರ ಹಿಂದೆ ಸರಿದರು. ಮಾಲಿಸ್ ಎಲೆ ಅಡಿಕೆ ಉಗಿದು ಮುಂದೆ ಬಂದಳು.

"ತಗಡು ಬೇಕಾ? ಏಣಿ ಅಲ್ಲಿದೆ. ಹತ್ತಿ ಬಿಚ್ಚಿಕೊಂಡು ಹೋಗು. ಕೆಳಗೆ ಬುದ್ಧ ಕೂತಿದ್ದಾನೆ, ತಲೆ ಮೇಲೆ ಕಾಲಿಡದ ಹಾಗೆ ನೋಡಿಕೋ."

ರತನಕ್ ಆಳುಗಳ ಕಡೆ ನೋಡಿದ. ಆಳುಗಳು ಏಣಿಯ ಕಡೆ ನೋಡಿದರು. ಯಾರೂ ಹತ್ತಲಿಲ್ಲ. ಸ್ವಲ್ಪ ಹೊತ್ತು ಗೊಣಗಿ ಬಂದ ದಾರಿ ಹಿಡಿದರು.

ಚನ್ನಾರಿಯ ಕೆಲಸ ಹೋಯಿತು. ಕೆಲವು ತಿಂಗಳು ಕಷ್ಟಪಟ್ಟಳು. ಆಮೇಲೆ ಬೇರೆ ಕಡೆ ಗೈಡ್ ಆದಳು. ಈಗ ಬಾಯೋನ್ ಗೋಡೆಯ ಮುಂದೆ ನಿಂತಾಗ ಯಾವ ಮಹಾರಾಜನ ದೋಣಿಯ ಕಥೆಯನ್ನೂ ಕಟ್ಟುವುದಿಲ್ಲ, ತನ್ನ ಮುತ್ತಜ್ಜ ಲೋಂಗ್‌ನ ಕಥೆ ಹೇಳುತ್ತಾಳೆ. ಆ ವರ್ಷದ ಹಬ್ಬದಲ್ಲಿ ನಾವು ಕೊನೆಯಿಂದ ಎರಡನೆಯವರಾಗಿ ಬಂದೆವು. ಮಾಲಿಸ್ ಗೆದ್ದವರಿಗಿಂತ ಜೋರಾಗಿ ಕೂಗಿದಳು. ಯಾಕೆ ಕೂಗಬಾರದು? ಬಂದಿದ್ದೆವಲ್ಲ!

ಈಗ ನಾನು ಮುದುಕಿ. ಹೊಟ್ಟೆಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆ, ನೀರಿಗಿಳಿದರೆ ಮುಳುಗುತ್ತೇನೆ. ವಿಹಾರದ ಹಿಂದಿನ ಚಪ್ಪರದಲ್ಲಿ, ಅದೇ ತಗಡಿನ ಉಳಿದ ಚೂರುಗಳ ಕೆಳಗೆ, ನನ್ನನ್ನು ಮಲಗಿಸಿದ್ದಾರೆ. ಹಬ್ಬಕ್ಕೆ ಮುಂಚೆ ಬಂದು ಕಣ್ಣಿಗೆ ಕಾಡಿಗೆ ಹಚ್ಚುತ್ತಾರೆ. ಮಾಲಿಸ್‌ಗೆ ನಡೆಯಲು ಆಗುವುದಿಲ್ಲ, ಚಾಪೆ ಹಾಕಿಸಿಕೊಂಡು ದಿನಾ ನನ್ನ ಪಕ್ಕ ಕೂರುತ್ತಾಳೆ.

ಕಳೆದ ವರ್ಷ ಊರಿನವರು ಹೊಸ ದೋಣಿ ಮಾಡಿಸಿದರು. ಈ ಸಲ ಸೊಟ್ಟ ಮರ ಬೇಡವೇ ಬೇಡ ಎಂದು, ಹಗ್ಗ ಎಳೆದು ಅಳೆದು, ಕಾಡಿನಲ್ಲೇ ಅತಿ ನೆಟ್ಟಗಿದ್ದ ಮರವನ್ನು ತಂದರು. ಎರಡೂ ಕಣ್ಣುಗಳನ್ನು ಒಂದೇ ಅಳತೆಗೆ ಬರೆಸಿದರು. ಹೊಸ ದೋಣಿ ಬಹಳ ಚೆಂದ, ನನಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು. ತಾಯಂದಿರು ಬಲಕ್ಕೆ ಕೂತರು, ಹುಡುಗಿಯರು ಎಡಕ್ಕೆ ಕೂತರು. ಹುಟ್ಟು ನೀರಿಗೆ ಬಿತ್ತು. ಹೊಸ ದೋಣಿ ನೆಟ್ಟಗೆ ಎಡದ ದಂಡೆಯ ಬಿದಿರು ಮೆಳೆಯೊಳಕ್ಕೆ ಹೊಕ್ಕಿತು.

ಓಡಿ ಬಂದು ಚನ್ನಾರಿ ಸುದ್ದಿ ಹೇಳಿದಾಗ ಮಾಲಿಸ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಬಾಯಲ್ಲಿದ್ದ ಎಲೆ ಅಡಿಕೆ ಹೊರಗೆ ಬೀಳುವಷ್ಟು ನಕ್ಕಳು, ನಗುತ್ತಲೇ ಅತ್ತಳು.

"ಅಯ್ಯೋ ಸೊಟ್ಟಿ, ಜನ್ಮವೆಲ್ಲ ನಿನ್ನನ್ನ ಸುಮ್ಮಸುಮ್ಮನೆ ಬೈದೆನಲ್ಲೇ. ಎಳೀತಾ ಇದ್ದದ್ದು ನಾವು!"

ಬಲಕ್ಕೆ ಕೂತ ತಾಯಂದಿರ ತೋಳಿನ ಜೋರು ಅದು. ಮರದ್ದೂ ಅಲ್ಲ, ಕಣ್ಣಿನದೂ ಅಲ್ಲ. ಹೊಸ ಬಡಗಿ ಬಂದು, ಇಬ್ಬರನ್ನು ಆ ಕಡೆ, ಇಬ್ಬರನ್ನು ಈ ಕಡೆ ಬದಲಾಯಿಸಿ ಕೂರಿಸಿ, ನೆಟ್ಟಗೆ ಹೋಗುತ್ತದೆ ಎಂದು ಸಲಹೆ ಕೊಟ್ಟ. ಹೆಂಗಸರೆಲ್ಲ ಮಾಲಿಸ್ ಮುಖ ನೋಡಿದರು. ಮಾಲಿಸ್ ಸುಣ್ಣ ಹಚ್ಚಿ ಹೊಸ ಎಲೆ ಮಡಿಸುತ್ತಾ, "ನಾವು ಕೂರೋ ಹಾಗೆ ಕೂರ್ತೀವಿ. ಬೇಕಾದ್ರೆ ಉಳಿದ ದೋಣಿಗಳು ಸರಿದುಕೊಳ್ಳಲಿ," ಎಂದಳು. ಹೊಸ ದೋಣಿಗೂ ಸೊಟ್ಟಿ ಎಂದೇ ಹೆಸರಾಯಿತು.

ಹಾಗಾಗಿ ನಾನು ಹುಟ್ಟಿದಾಗಿನಿಂದ ನೆಟ್ಟಗೇ ಇದ್ದೆ ಎಂಬುದು ಈಗ ಊರಿಗೆಲ್ಲ ಗೊತ್ತಾಗಿದೆ. ಗೊತ್ತಾದರೆ ಆಗಲಿ. ಆದರೆ ನನ್ನೆದುರು ಬಂದು ನೀನು ನೆಟ್ಟಗಿನ ದೋಣಿ ಎಂದು ಯಾರಾದರೂ ಹೇಳಿದರೆ ಮಾತ್ರ ನನಗೆ ಕೆಟ್ಟ ಸಿಟ್ಟು ಬರುತ್ತದೆ.